ನಡುಮನೆಗೆ ಬಂದ ಹೊಳೆ

ರುದ್ರಾಣಿಯ ವೈರಿ ಒಂದು ಗಿಡ. ಸೊಸೆಯಂದಿರ ವೈರಿ ಅತ್ತೆ ಎಂದು ಊರು ಹೇಳುತ್ತದೆ. ಊರಿಗೇನು, ನಾಲಿಗೆಗೆ ಮೂಳೆಯಿಲ್ಲ. ರುದ್ರಾಣಿಯ ಬಾಳು ಕೆಡಿಸಿದ್ದು ಮಾತ್ರ ಸೊಂಟದೆತ್ತರ ಬೆಳೆದು, ತಲೆ ತುಂಬ ಬಿಳಿ ಚುಕ್ಕೆ ಹೂ ಬಿಟ್ಟು, ಹಸಿದ ದನವೂ ಮೂಸಿ ಬಿಟ್ಟು ಹೋಗುವ ಕಾಂಗ್ರೆಸ್ ಗಿಡ. ಓದಿದವರು ಅದನ್ನೇ ಪಾರ್ಥೇನಿಯಂ ಅನ್ನುತ್ತಾರೆ. ಹೆಸರು ದೊಡ್ಡದಾದ ಮಾತ್ರಕ್ಕೆ ಅದರ ಬುದ್ಧಿಯೇನೂ ಒಳ್ಳೆಯದಾಗಲಿಲ್ಲ. ನಂಜನಗೂಡಿನ ಖಾಲಿ ಸೈಟುಗಳಲ್ಲಿ, ರೈಲು ಹಳಿಯ ಪಕ್ಕದಲ್ಲಿ, ರುದ್ರಾಣಿಯ ಹಿತ್ತಲ ಬೇಲಿಯಾಚೆ, ಎಲ್ಲಿ ನೋಡಿದರೂ ಅದೇ.

ಅವಳು ಹುಟ್ಟಿದ್ದು ಬನ್ನೂರಿನ ಹತ್ತಿರದ ಹಳ್ಳಿಯಲ್ಲಿ, ನಾಲೆಯ ನೀರು ಮನೆ ಮುಂದೆಯೇ ಹರಿಯುವ ಕಡೆ. ನಡೆಯಲು ಕಲಿಯುವ ಮೊದಲೇ ಕೆಸರಿನಲ್ಲಿ ಅಂಬೆಗಾಲಿಟ್ಟ ಮಗು. ಅಪ್ಪನ ಸೊಪ್ಪಿನ ಪಾತಿಗಳನ್ನು ಅವಳೇ ನೋಡಿಕೊಳ್ಳುತ್ತಿದ್ದಳು. ಅವಳು ನೆಟ್ಟ ಒಣಕಡ್ಡಿಯೂ ಚಿಗುರುತ್ತದೆ ಎಂದು ಮನೆಯವರು ಹೊಗಳುತ್ತಿದ್ದರು, ಹೊಗಳಿ ಹೊಗಳಿ ಕೆಲಸವನ್ನೆಲ್ಲ ಅವಳ ತಲೆಗೇ ಕಟ್ಟುತ್ತಿದ್ದರು. ಮದುವೆಯಾಗಿ ನಂಜನಗೂಡಿಗೆ ಬಂದಾಗ ಗಂಡ ಗಂಗಾಧರಸ್ವಾಮಿಗೆ ಇದ್ದದ್ದು ಪಂಪ್‌ಸೆಟ್ಟಿನ ಮೋಟಾರು ಸುತ್ತುವ ಒಂದು ಅಂಗಡಿ, ಒಂದು ಹೆಂಚಿನ ಮನೆ, ಅದರ ಹಿಂದೆ ಅಂಗೈಯಗಲ ಹಿತ್ತಲು. ಆ ಹಿತ್ತಲಲ್ಲೇ ಅವಳು ದಂಟು, ಬಸಳೆ, ಹೀರೆ, ಹಾಗಲ ಎಲ್ಲ ಬೆಳೆದು ಅಕ್ಕಪಕ್ಕದವರಿಗೂ ಹಂಚಿದಳು.

ತೊಂಬತ್ತೇಳರ ಮಳೆಗಾಲದಲ್ಲಿ ಅವಳ ಕಣ್ಣಿನ ರೆಪ್ಪೆ ಊದಿತು. ಆಮೇಲೆ ಕುತ್ತಿಗೆ, ಮೊಳಕೈ, ಬೆರಳ ಸಂದು. ಚರ್ಮ ದಪ್ಪಗಾಗಿ, ಒಡೆದು, ನೀರು ಸೋರಿತು. ನಾಗದೋಷ ಎಂದರು, ಅರಿಸಿನ ಹಚ್ಚಿದರು, ಯಾರೋ ಹೇಳಿದರೆಂದು ಬೇವಿನ ನೀರು ಹುಯ್ದರು. ಕೊನೆಗೆ ಮೈಸೂರಿನ ಚರ್ಮದ ಡಾಕ್ಟರು ನೋಡಿದ ಕೂಡಲೇ, “ಹೊಲಗದ್ದೆ ಕಡೆ ಹೋಗೋರಾ?” ಎಂದು ಕೇಳಿದರು. ಇದು ಕಾಂಗ್ರೆಸ್ ಗಿಡದ ಕೆಲಸ, ಅದರ ಧೂಳು ಗಾಳಿಯಲ್ಲೇ ಬರುತ್ತದೆ, ಮುಟ್ಟಲೇಬೇಕೆಂದಿಲ್ಲ. ಆದಷ್ಟು ಮನೆಯೊಳಗೇ ಇರಿ. ಸೇವಂತಿಗೆ, ಚೆಂಡುಹೂವೂ ಅದರ ನೆಂಟರೇ, ಅವೂ ಬೇಡ ಎಂದು ಹೇಳಿ ಮುಲಾಮು ಬರೆದುಕೊಟ್ಟರು.

ಅವತ್ತು ಹಿತ್ತಲ ಬಾಗಿಲಿಗೆ ಅಗಣಿ ಬಿತ್ತು. ಮೊದಮೊದಲು ರುದ್ರಾಣಿ ಕಿಟಕಿಯ ಗಾಜಿನಿಂದ ನೋಡುತ್ತಿದ್ದಳು. ತನ್ನ ಬಸಳೆಯ ಚಪ್ಪರ ಒಣಗಿ, ಅದರಡಿಯಲ್ಲೇ ಕಾಂಗ್ರೆಸ್ ಗಿಡ ಎದ್ದು ನಿಂತದ್ದನ್ನು ಕಂಡ ಮೇಲೆ ಅಲ್ಲಿ ನೋಡುವುದನ್ನೇ ಬಿಟ್ಟಳು. ಅಡುಗೆ ಮಾಡಿದಳು, ಬಟ್ಟೆ ಹೊಲಿದಳು, ಟೀವಿ ನೋಡಿದಳು. ಯಾವುದಕ್ಕೂ ಕಡಿಮೆ ಇರಲಿಲ್ಲ. ಆದರೂ ಅಕ್ಕಿ ಆರಿಸುತ್ತ ಕೂತಾಗ, ಮೊರದ ಮೇಲೆ ಬೆರಳಿನಲ್ಲಿ ಸಾಲು ಕೊರೆದು, ಒಂದೊಂದು ಭತ್ತದ ಕಾಳನ್ನು ಆ ಸಾಲಿನಲ್ಲಿ ಇಡುತ್ತಿದ್ದಳು. ಅದನ್ನು ಅತ್ತೆ ಚನ್ನಾಜಮ್ಮ ಕಂಡಿದ್ದರು.

ಚನ್ನಾಜಮ್ಮ ಬಿಳಿಗೆರೆ ಕಡೆಯವರು. ಮಾತು ಮೆಣಸಿನಕಾಯಿ. ಬೆಳಗ್ಗೆ ಲಿಂಗಪೂಜೆಯಾಗದೆ ತೊಟ್ಟು ನೀರು ಕುಡಿಯುವವರಲ್ಲ. ಪ್ರತಿ ಸೋಮವಾರ ಕಪಿಲೆಯ ಮೆಟ್ಟಿಲಿಳಿದು, ಸೆರಗಿನಲ್ಲಿ ಕಟ್ಟಿ ತಂದ ಕಡ್ಲೆಪುರಿಯನ್ನು ಮೀನಿಗೆ ಹಾಕಿ ಬರುವುದು ಅವರ ಬಹುಕಾಲದ ರೂಢಿ. ಮಂಡಿನೋವು ಜೋರಾದ ಮೇಲೆ ಮೆಟ್ಟಿಲಿಳಿಯಲಾಗದೆ ಅದು ನಿಂತುಹೋಗಿತ್ತು. ಸೊಸೆಗೆ ಸೇವಂತಿಗೆ ಆಗದು ಎಂದು ಡಾಕ್ಟರು ಹೇಳಿದ ದಿನದಿಂದ ಪೂಜೆಗೆ ಸೇವಂತಿಗೆ ತರಿಸುವುದನ್ನು ಅವರು ಬಿಟ್ಟರು. ಸೊಸೆಯ ಮುಖ ನೋಡಿ ಬಿಟ್ಟೆ ಅಂದರೆ ಅವರು ಚನ್ನಾಜಮ್ಮ ಹೇಗಾದಾರು? “ಸೇವಂತಿಗೆ ರೇಟು ಏರೋಗದೆ. ಸಿವಂಗೆ ಬಿಲ್ಪತ್ರೆ ಸಾಕು,” ಅಂದುಬಿಟ್ಟರು.

ಎರಡು ಸಾವಿರದ ಎರಡನೇ ಇಸವಿಯ ಬೇಸಿಗೆಯಲ್ಲಿ, ಒಂದು ಸಂಜೆ ರೇಡಿಯೋದ ರೈತರ ಕಾರ್ಯಕ್ರಮದಲ್ಲಿ ಯಾರೋ ಮಾತಾಡುತ್ತಿದ್ದರು. ಮಣ್ಣಿಲ್ಲದೆ ಸೊಪ್ಪು ಬೆಳೆಯಬಹುದಂತೆ. ಕೆಳಗೊಂದು ತೊಟ್ಟಿಯಲ್ಲಿ ಮೀನು, ಮೇಲೊಂದು ತಟ್ಟೆಯಲ್ಲಿ ಕಲ್ಲು, ಕಲ್ಲಿನ ನಡುವೆ ಗಿಡ. ಮೀನಿನ ಗಲೀಜಿನ ನೀರನ್ನು ಮೇಲಕ್ಕೆ ಹಾಯಿಸಿದರೆ ಅದೇ ಗಿಡಕ್ಕೆ ಗೊಬ್ಬರ. ಗಿಡ ಗೊಬ್ಬರವನ್ನು ತಿಂದ ಮೇಲೆ ಶುದ್ಧವಾದ ನೀರು ಮತ್ತೆ ಮೀನಿಗೆ. ಬೆಳಕೊಂದಿದ್ದರೆ ಮನೆಯೊಳಗೂ ಆಗುತ್ತದೆ. ರುದ್ರಾಣಿ ಒಗ್ಗರಣೆ ಸೀಯುವುದನ್ನೂ ಮರೆತು ಕೇಳಿದಳು. ರಾತ್ರಿ ಬಡಿಸುವಾಗ ಗಂಡನಿಗೆ ಹೇಳಿದಳು.

“ಹೂಂ,” ಎಂದ ಗಂಗಾಧರಸ್ವಾಮಿ. ದಿನವಿಡೀ ಮೋಟಾರಿನ ಸದ್ದು ಕೇಳುವ ಅವನಿಗೆ ಮಾತು ದುಬಾರಿ. ಅವನ ‘ಹೂಂ’ಗೆ ಕೇಳಿದೆ ಎಂದೂ ಅರ್ಥ, ಕೇಳಲಿಲ್ಲ ಎಂದೂ ಅರ್ಥ. ರುದ್ರಾಣಿ ಆಸೆ ಬಿಟ್ಟಳು. ಆದರೆ ಮುಂದಿನ ವಾರ ಅವನು ಒಂದು ನೀಲಿ ಪ್ಲಾಸ್ಟಿಕ್ ಡ್ರಮ್ಮನ್ನು ಸೈಕಲ್ಲಿಗೆ ಕಟ್ಟಿಕೊಂಡು ಬಂದ.

ಡ್ರಮ್ಮನ್ನು ಕುದಿನೀರಲ್ಲಿ ತೊಳೆದು, ವಾಸನೆ ಹೋಗುವವರೆಗೂ ಬಿಸಿಲಿಗಿಟ್ಟ. ಗರಗಸ ಹಿಡಿದು ಅಡ್ಡಕ್ಕೆ ಕೊಯ್ದ. ಆಳವಾದ ಭಾಗ ಮೀನಿಗೆ, ಮೇಲಿನ ತುಂಡು ಕಲ್ಲಿಗೆ. ಕಬ್ಬಿಣದ ಆಂಗಲ್ಲು ಬೆಸುಗೆ ಹಾಕಿಸಿ ಸ್ಟ್ಯಾಂಡು ಮಾಡಿಸಿದ. ಹೊಳೆಯ ಉರುಟುಗಲ್ಲು ತಂದುಕೊಟ್ಟ; ಅವನ್ನು ರುದ್ರಾಣಿ ಅಕ್ಕಿ ತೊಳೆದಂತೆ ನೀರು ತಿಳಿಯಾಗುವವರೆಗೂ ತೊಳೆದಳು. ಯಾರೋ ಎಸೆದ ಏರ್‌ಕೂಲರಿನ ಪುಟ್ಟ ಪಂಪಿಗೆ ಹೊಸ ತಂತಿ ಸುತ್ತಿ ಜೀವ ಕೊಟ್ಟ. ನಡುಮನೆಯ ಮಾಡಿನ ಹೆಂಚುಗಳಲ್ಲಿ ಕೆಲವನ್ನು ತೆಗೆದು ಗಾಜಿನ ಹೆಂಚು ಕೂರಿಸಿದ ದಿನ, ಡ್ರಮ್ಮಿನ ಮೇಲೆ ಬಿಸಿಲಿನ ಒಂದು ಚೌಕ ಬಿತ್ತು. ರುದ್ರಾಣಿ ಆ ಚೌಕದೊಳಗೆ ಅಂಗೈ ಚಾಚಿದಳು. ಐದು ವರ್ಷದಿಂದ ಬಿಸಿಲನ್ನು ಗಾಜಿನಾಚೆಯೇ ಕಂಡವಳು.

ಪಂಪು ಮೊದಲ ಸಲ ಹಾಕಿದಾಗ ಪೈಪಿನ ಕೀಲು ಬಿಚ್ಚಿಕೊಂಡು ನೀರು ನಡುಮನೆಯೆಲ್ಲ ಹರಿದು ದೇವರ ಕೋಣೆಯ ಹೊಸ್ತಿಲವರೆಗೂ ಹೋಯಿತು.

“ಏನಪ್ಪಾ ಇದು, ನಾನು ಹೊಳೆಗೆ ಓಗಕ್ಕಾಗ್ದು ಅಂತ ಹೊಳೇನೆ ಮನೆಗೆ ತಂದ್ಯಾ?” ಎಂದು ಚನ್ನಾಜಮ್ಮ ಸೀರೆ ಎತ್ತಿ ಹಿಡಿದು ಕೂಗಿದರು. ಅಷ್ಟಾದರೂ ಸಿಟ್ಟಾಗಲಿಲ್ಲ. ಗಿಡಕ್ಕೆ ನೀರು ತಾನೆ ಎಂದು ಸುಮ್ಮನಾದರು. ಮೀನಿನ ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ. ಗಂಡ ಹೇಳುತ್ತಾನೆ ಎಂದು ಹೆಂಡತಿ, ಹೆಂಡತಿ ಹೇಳಿರುತ್ತಾಳೆ ಎಂದು ಗಂಡ.

ಮೀನು ತಂದವನು ನಿಂಗರಾಜು. ತಿರುಮಕೂಡಲು ನರಸೀಪುರದ ಹತ್ತಿರ ಕೆರೆಯ ಮೀನಿನ ಕೆಲಸ ನೋಡಿಕೊಳ್ಳುವವನು. ಮೋಟಾರು ರಿಪೇರಿಗೆಂದು ಅಂಗಡಿಗೆ ಬರುತ್ತ ಗಂಗಾಧರಸ್ವಾಮಿಗೆ ಗೆಳೆಯನಾಗಿದ್ದ. ಗಾಳಿ ತುಂಬಿದ ಪ್ಲಾಸ್ಟಿಕ್ ಕವರಿನಲ್ಲಿ ಗೆಂಡೆ ಮರಿಗಳನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದಿದ್ದ. ತನ್ನ ಜಾತಿ ನೆನೆದು ಎಂದಿನಂತೆ ಜಗಲಿಯಲ್ಲೇ ನಿಂತು, “ಅಕ್ಕಾ, ಮೊದ್ಲು ನೀರು ಹಣ್ಣಾಗ್ಬೇಕು, ಮೀನಿನ ಗಲೀಜು ಗೊಬ್ಬರ ಆಗಕ್ಕೆ ಟೈಮ್ ಬೇಕು. ಒಸಿ ದಿನ ಸೊಪ್ಪು ಹಳದಿಗಿರ್ತದೆ, ಎದರ್ಕೋಬೇಡಿ. ತಿಂಡಿ ಮಾತ್ರ ಚಿಟಿಕೆಯಷ್ಟೇ,” ಎಂದು ಹೇಳಿ ಕವರನ್ನು ಕೊಟ್ಟು ಹೋದ.

ಚನ್ನಾಜಮ್ಮ ಪೂಜೆ ಮುಗಿಸಿ ಹೊರಗೆ ಬಂದರು. ಡ್ರಮ್ಮಿನೊಳಗೆ ಏನೋ ಮಿಂಚಿತು. ಬಗ್ಗಿ ನೋಡಿದರು.

“ಲಿಂಗ ಕಟ್ಟಿದ ಮನೆ ಒಳಕ್ಕೆ ಮೀನಾ! ಅದೂ ದೇವ್ರ ಕ್ವಾಣೆ ಎದುರ್ಗೆ!”

“ತಿನ್ನಕ್ಕಲ್ಲ ಅತ್ತೆ, ಸೊಪ್ಪಿಗೆ,” ಎಂದಳು ರುದ್ರಾಣಿ.

“ಬೀದಿಗೆ ಏನ್ಗೊತ್ತಾಯ್ತದೆ ನೀನ್ ತಿನ್ನಕ್ಕಿಲ್ಲ ಅಂತ?” ಬೀದಿಯ ಬಗ್ಗೆ ಅವರು ಹೇಳಿದ್ದು ಸುಳ್ಳಲ್ಲ. ಗಂಗಾಧರಸ್ವಾಮಿ ಮನೆಯಲ್ಲಿ ಮೀನಿನ ಸಾರಂತೆ ಎಂಬ ಸುದ್ದಿ ಆಗಲೇ ಮೂಲೆಯ ಹಿಟ್ಟಿನ ಗಿರಣಿ ಮುಟ್ಟಿತ್ತು. ಚನ್ನಾಜಮ್ಮ ಗೋಡೆಗೊರಗಿ ಕೂತು ತೀರ್ಪು ಕೊಟ್ಟರು: “ಕಾರ್ತೀಕದ ಕಡೇ ಸೋಮವಾರ ಅಯ್ನೋರು ಪಾದಪೂಜೆಗೆ ಬತ್ತಾರೆ. ಅಷ್ಟೊತ್ಗೆ ಇವು ಮನೆ ಬುಟ್ಟಿರ್ಬೇಕು. ಅಲ್ಲೀಗಂಟ ನಿನ್ನಾಸೆ ತೀರಿಸ್ಕೊ.”

ಅಯ್ಯನವರೆಂದರೆ ಆ ಮನೆಯ ಕುಲಗುರು. ವರ್ಷಕ್ಕೊಮ್ಮೆ ಬಂದು ಪಾದಪೂಜೆ ಮಾಡಿಸಿಕೊಂಡು ಊಟ ಮಾಡಿ ಹೋಗುವವರು. ಅವರು ಉಣ್ಣುವವರೆಗೂ ಮನೆಯಲ್ಲಿ ಯಾರೂ ಒಂದಗುಳು ಬಾಯಿಗೆ ಹಾಕುವಂತಿಲ್ಲ. ಅವರ ಹೆಸರು ಬಂದ ಮೇಲೆ ಎದುರು ಮಾತಿಲ್ಲ. ರುದ್ರಾಣಿ ತಲೆಯಾಡಿಸಿದಳು. ಕೈಗೆ ಸಿಕ್ಕಿದ್ದು ಕಾರ್ತೀಕದವರೆಗೆ ಮಾತ್ರ.

ನಿಂಗರಾಜು ಹೇಳಿದಂತೆ ಪಾಲಕ್ಕಿನ ಸಸಿ ಮೊದಲು ಹಳದಿಯಾಯಿತು. ರುದ್ರಾಣಿ ದಿನವೂ ಅದರ ಮುಂದೆ ಕೂತು ಕಾಯಿಲೆ ಮಗುವಿನ ತಾಯಿಯಂತೆ ನೋಡಿದಳು. ಶ್ರಾವಣ ಕಳೆಯಿತು. ಒಂದು ಬೆಳಗ್ಗೆ ಎಲೆಗಳು ನಿಜವಾದ ಹಸಿರಿಗೆ ತಿರುಗಿ, ಮುಷ್ಟಿ ಬಿಚ್ಚಿದಂತೆ ಅಗಲವಾಗಿದ್ದವು. ಅವಳು ಕಲ್ಲಿನ ನಡುವೆ ಬೆರಳು ತೂರಿಸಿದಳು. ಬೇರು ಸಿಕ್ಕಿತು. ತಣ್ಣಗಿತ್ತು, ಗಟ್ಟಿಯಾಗಿ ಕಲ್ಲನ್ನು ಹಿಡಿದಿತ್ತು. ಅವಳು ಅಲ್ಲೇ ಕೂತು ಅತ್ತಳು. ಅಳುವಿನಿಂದ ರೆಪ್ಪೆ ಉರಿದರೂ ಅವತ್ತು ಉರಿ ಅನ್ನಿಸಲಿಲ್ಲ.

ಪಾಲಕ್ಕು ಆಯಿತು, ದಂಟು ಆಯಿತು, ಕೊತ್ತಂಬರಿ ಆಯಿತು. ಚನ್ನಾಜಮ್ಮ ಮಾತ್ರ ಮುಟ್ಟಲಿಲ್ಲ. ಅವರಿಗೆ ಬೇರೆ ಪಾತ್ರೆಯಲ್ಲಿ ಬೇಳೆಸಾರು.

“ಮೀನಿನ ಹೇಲು ತಿಂದ ಸೊಪ್ಪು ನಂಗ್ಬ್ಯಾಡ.”

“ಹಿತ್ತಲ ಸೊಪ್ಪು ಸಗಣಿ ತಿಂತಿತ್ತಲ್ಲ ಅತ್ತೆ?”

“ಸಗಣಿ ಬಸವಣ್ಣಂದು ಕಣವ್ವ. ಅದ್ಕೂ ಇದ್ಕೂ ಹೋಲಿಸ್ತೀಯಾ?”

ಬಾಯಿ ಬೇಡವೆಂದರೂ ಕಣ್ಣು ಕೇಳಬೇಕಲ್ಲ. ಮಧ್ಯಾಹ್ನದ ಹೊತ್ತು ಚನ್ನಾಜಮ್ಮನ ಮಣೆ ಒಂದೊಂದೇ ಗೇಣು ಡ್ರಮ್ಮಿನ ಕಡೆ ಸರಿಯಿತು. ಮೇಲಿಂದ ನೀರು ಜುಳುಜುಳು ಬೀಳುವ ಸದ್ದಿಗೆ ಅವರ ಕಣ್ಣು ತೂಗುತ್ತಿತ್ತು. ಅವರ ನೆರಳು ಬಿದ್ದರೆ ಸಾಕು, ಗೆಂಡೆಗಳು ಬಾಯಿ ತೆರೆದು ಮೇಲೆ ಬರುತ್ತಿದ್ದವು. ಒಂದು ಸೋಮವಾರ ರುದ್ರಾಣಿ ಅಡುಗೆಮನೆಯಿಂದ ಇಣುಕಿದಾಗ ಅತ್ತೆ ಸೆರಗಿನ ಗಂಟು ಬಿಚ್ಚಿ ಒಂದೆರಡು ಪುರಿ ಹಾಕಿ, ನೀರಿಗೆ ಕೈಮುಗಿಯುತ್ತಿದ್ದರು. ಅತ್ತೆಗೆ ಅವರ ಹೊಳೆ ಮತ್ತೆ ಸಿಕ್ಕಿತು ಎಂದು ರುದ್ರಾಣಿಯ ಎದೆ ತುಂಬಿತು. ಚಿಟಿಕೆಯಷ್ಟೇ ಎಂದ ನಿಂಗರಾಜುವಿನ ಮಾತು ನೆನಪಾದರೂ ಅವಳು ತುಟಿ ಬಿಚ್ಚಲಿಲ್ಲ.

ಪುಣ್ಯದ ಸುದ್ದಿಗೆ ಕಾಲು ನಾಲ್ಕು. ಕಾರ್ತೀಕ ಬಂತು. ಸೋಮವಾರ ಸಂಜೆ ಚನ್ನಾಜಮ್ಮನ ಜೊತೆ ಭಜನೆಗೆ ಕೂರುವ ಹೆಂಗಸರೆಲ್ಲ ಮಂಡಿನೋವಿನವರೇ. “ಹೊಳೆಗೆ ಇಳಿಯಕ್ಕಾಗ್ದೋರು ಇಲ್ಲೇ ಹಾಕಿ ಕಣ್ರವ್ವ, ಸಿವನ್ ಮೀನೇ ಇವೂವೆ,” ಎಂದು ಚನ್ನಾಜಮ್ಮನೇ ಕರೆದರು. ಮೀನನ್ನು ಮನೆ ಬಿಡಿಸುತ್ತೇನೆ ಎಂದವರು ಇವರೇನಾ ಎಂದು ಕೇಳುವ ಧೈರ್ಯ ಯಾರಿಗಿತ್ತು? ಕೊನೆಯ ಸೋಮವಾರಕ್ಕೆ ಒಂದು ವಾರ ಮುಂಚೆ, ಪ್ರತಿಯೊಬ್ಬರೂ ಒಂದೊಂದು ಬೊಗಸೆ ಪುರಿ ಹಾಕಿದರು. ಒಬ್ಬರು ಬಿಲ್ವಪತ್ರೆ ಹಾಕಿದರು, ಇನ್ನೊಬ್ಬರು ಅರಿಸಿನ ಕುಂಕುಮ. ನೀರು ಕಾಣದಂತೆ ಡ್ರಮ್ಮು ಬೆಳ್ಳಗಾಯಿತು. ಹೊಳೆಯಾದರೆ ಹರಿದುಕೊಂಡು ಹೋಗುತ್ತಿತ್ತು. ಇದು ಡ್ರಮ್ಮು. ಪುಣ್ಯಕ್ಕೆ ಬಂದವರನ್ನು ಬೇಡ ಎನ್ನುವುದು ಹೇಗೆ ಎಂದು ರುದ್ರಾಣಿ ಬಾಗಿಲಲ್ಲಿ ನಿಂತು ಕೈ ಹಿಸುಕಿಕೊಂಡಳು.

ಮಾರನೆಯ ದಿನ ನೀರು ಹುಳಿ ಬಂದ ದೋಸೆಹಿಟ್ಟಿನಂತೆ ನಾತ ಹೊಡೆಯಿತು. ಬೆಳಗ್ಗೆಯೇ ಕರೆಂಟು ಹೋಗಿ ಪಂಪು ನಿಂತಿತು. ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಟ್ಟವು. ಆಮೇಲೆ ಒಂದು ಮಗ್ಗುಲಾಯಿತು; ಅದರ ಹಿಂದೆ ಇನ್ನೊಂದು.

“ಅಯ್ಯೋ ಸಿವ್ನೆ! ಪುಣ್ಯ ಅಂತ ಹಾಕಿದ್ದು ವಿಷ ಆಯ್ತಾ!” ಚನ್ನಾಜಮ್ಮ ತಲೆಯ ಮೇಲೆ ಕೈಹೊತ್ತರು. ಗಂಗಾಧರಸ್ವಾಮಿ ಅಂಗಡಿಯಿಂದ ಓಡಿಬಂದ. ನರಸೀಪುರಕ್ಕೆ ಆಗಲೇ ಫೋನು ಮಾಡಿದ್ದ. ನಿಂಗರಾಜು ಸಿಕ್ಕಿದ ಬಸ್ಸು ಹತ್ತಿ ಬಂದು, ಎಂದಿನಂತೆ ಜಗಲಿಯಲ್ಲಿ ನಿಂತ. ಅಲ್ಲಿಂದ ಡ್ರಮ್ಮು ಕಾಣುವುದಿಲ್ಲ.

“ಅಲ್ಯಾಕ್ ನಿಂತಿದ್ದೀಯಪ್ಪ? ಮೀನು ಒಳಗವೆ. ಒಳಕ್ ಬಾ,” ಎಂದು ಚನ್ನಾಜಮ್ಮ ಕೂಗಿದರು. ಅವನು ಒಂದು ಗಳಿಗೆ ತಡೆದ. “ಬಾ ಅಂದ್ರೆ!” ಆ ಮನೆಯ ಹೊಸ್ತಿಲನ್ನು ನಿಂಗರಾಜು ದಾಟಿದ್ದು ಅದೇ ಮೊದಲು.

ಅವನು ನೀರಿಗೆ ಕೈಯಿಟ್ಟು ಮೂಸಿದ. “ಅರ್ಧ ನೀರು ತೆಗೀರಿ. ನಲ್ಲಿ ನೀರು ಬ್ಯಾಡ, ಅದ್ರಲ್ಲಿ ಬ್ಲೀಚಿಂಗ್ ಇರ್ತದೆ. ಹೊಳೆ ನೀರೇ ಬೇಕು. ಕರೆಂಟ್ ಬರೋಗಂಟ ಮೇಲಿಂದ ನೀರು ಬೀಳ್ತಾನೇ ಇರ್ಬೇಕು ಕಣ್ರವ್ವ, ನಿಲ್ಲುಸ್ಬಾರ್ದು. ಬೀಳೋ ನೀರ್ನಾಗೆ ಉಸ್ರು ಇರ್ತದೆ.”

ಗಂಡಸರಿಬ್ಬರೂ ಕ್ಯಾನು ಹಿಡಿದು ಹೊಳೆಗೆ ಹೋದರು. ರುದ್ರಾಣಿ ಕೆಟ್ಟ ನೀರನ್ನು ಬಕೆಟ್ಟಿನಲ್ಲಿ ಮೊಗೆದು ಹೊರಗೆ ಹಾಕಿದಳು. ನೀರು ಸುರಿಯಲು ಏನಾದರೂ ಪಾತ್ರೆ ತರೋಣವೆಂದು ತಿರುಗಿದರೆ ಅತ್ತೆ ದೇವರ ಕೋಣೆಯಿಂದ ಬರುತ್ತಿದ್ದರು. ಕೈಯಲ್ಲಿ ಅಭಿಷೇಕದ ಹಿತ್ತಾಳೆ ಚೊಂಬು. ಬೇರೆ ಯಾರೂ ಮುಟ್ಟಬಾರದ ಚೊಂಬು ಅದು. ಮಣೆಯ ಮೇಲೆ ಕೂತು, ಡ್ರಮ್ಮಿನಿಂದ ನೀರು ಮೊಗೆದು, ಕೈ ಎತ್ತಿ ಕಲ್ಲಿನ ಮೇಲೆ ಸಣ್ಣ ಧಾರೆಯಾಗಿ ಬಿಟ್ಟರು. ಮತ್ತೆ ಮೊಗೆದರು, ಮತ್ತೆ ಬಿಟ್ಟರು. ಲಿಂಗದ ಮೇಲೆ ಧಾರೆ ಬಿಟ್ಟು ಪಳಗಿದ ಕೈ, ನೀರು ತುಂಡಾಗಲಿಲ್ಲ. ಬಾಯಲ್ಲಿ ನಮಃಶಿವಾಯ ನಡೆದೇ ಇತ್ತು. ರುದ್ರಾಣಿ ಚೊಂಬಿಗೆ ಕೈಚಾಚಿದರೆ, “ನಿನ್ ಕೈ ಒಡ್ದದೆ, ಸುಮ್ಕಿರು,” ಎಂದು ಸರಿಸಿದರು. ಕರೆಂಟು ಬಂದದ್ದು ದೀಪ ಹಚ್ಚುವ ಹೊತ್ತಿಗೆ. ಚನ್ನಾಜಮ್ಮನ ತೋಳು ಮಾರನೆಯ ದಿನ ಮೇಲಕ್ಕೇ ಏಳಲಿಲ್ಲ. ಅರ್ಧಕ್ಕೆ ಹೆಚ್ಚು ಮೀನು ಉಳಿದವು.

ಉಳಿದರೇನು, ಗಡುವು ಬಂದೇ ಬಂತು. ಸತ್ತ ಮೀನಿನ ಸೂತಕ ಬೇರೆ ಸೇರಿತಲ್ಲ, ಇನ್ನು ಕೇಳುವ ಬಾಯಿ ಎಲ್ಲಿದೆ ಎಂದುಕೊಂಡಳು ರುದ್ರಾಣಿ. ಕೊಟ್ಟ ಮಾತಿನಂತೆ ಸೋಮವಾರ ಬೆಳಗ್ಗೆ ಬಂದು ಮೀನು ತೆಗೆದುಕೊಂಡು ಹೋಗು ಎಂದು ನಿಂಗರಾಜುಗೆ ಹೇಳಿಕಳಿಸಿದಳು. ಭಾನುವಾರವೇ ದಂಟು, ಪಾಲಕ್ಕು ಎಲ್ಲ ಕಿತ್ತಳು. ಸೋಮವಾರ ಎದ್ದು ಅದನ್ನು ಮನೆಮಂದಿಗೆಂದು ಬೇರೆ ಪಾತ್ರೆಯಲ್ಲಿ ಮಸ್ಸೊಪ್ಪು ಮಾಡಿ ಮೂಲೆಯಲ್ಲಿಟ್ಟಳು. ಅಯ್ಯನವರಿಗೆ ಹೋಳಿಗೆ, ಬೇಳೆಸಾರು, ಪಾಯಸ. ಪೂಜೆಯ ನೀರು ಕಾಯಿಸಿ ಬಂದು ನೋಡಿದರೆ ಮಸ್ಸೊಪ್ಪಿನ ಮುಚ್ಚಳ ಓರೆಯಾಗಿತ್ತು, ಒಂದು ಸೌಟಿನಷ್ಟು ಕಡಿಮೆಯಾಗಿತ್ತು. ಬೆಕ್ಕಿನ ಕೆಲಸವೆಂದು ಬೈದುಕೊಂಡು ಮುಚ್ಚಳದ ಮೇಲೆ ಗುಂಡುಕಲ್ಲಿಟ್ಟಳು.

ನಿಂಗರಾಜು ಖಾಲಿ ಕವರು ಹಿಡಿದು ಬರುವುದಕ್ಕೂ ಅಯ್ಯನವರು ಪಾದಪೂಜೆ ಮುಗಿಸಿ ಎಲೆಯ ಮುಂದೆ ಕೂರುವುದಕ್ಕೂ ಸರಿಹೋಯಿತು.

“ಇವ್ನ್ಯಾಕ್ ಬಂದ?” ಎಂದರು ಚನ್ನಾಜಮ್ಮ.

“ಮೀನು ತಗೊಂಡೋಗಕ್ಕೆ ಅತ್ತೆ. ನೀವೇ ಹೇಳಿದ್ರಲ್ಲ.”

“ನಾನು ಊಟಕ್ ಬಂದವ್ನೆ ಅನ್ಕೊಂಡೆ. ಅವ್ನ್ಗೂ ಒಂದ್ ಎಲೆ ಹಾಕು. ಒಳಗೆ.” ಹಾಗೆಂದು ಚನ್ನಾಜಮ್ಮ ಅಡುಗೆಮನೆಗೆ ಹೋಗಿ, ಗುಂಡುಕಲ್ಲು ಸರಿಸಿ, ಮೂಲೆಯ ಪಾತ್ರೆಯನ್ನೇ ಎತ್ತಿಕೊಂಡು ಬಂದರು. ರುದ್ರಾಣಿ ತಡೆಯಲು ಒಂದು ಹೆಜ್ಜೆ ಮುಂದಿಟ್ಟಳು. ಅತ್ತೆ ಒಂದು ಸೌಟು ಮಸ್ಸೊಪ್ಪು ಮೊಗೆದು ಅಯ್ಯನವರ ಎಲೆಯ ಮೇಲೆ ಕೈ ತಡೆದು ನಿಂತರು.

“ಅಯ್ನೋರೆ, ಇದು ನನ್ ಸೊಸೆ ಈ ನಡುಮನೇಲೇ ಬೆಳ್ದ ಸೊಪ್ಪು. ಗೊಬ್ಬರ ಮೀನಿಂದು. ಮುಚ್ಚಿಟ್ಟು ಬಡ್ಸಕ್ಕಿಲ್ಲ. ದೋಸ ಅದೆ ಅಂದ್ರೆ ಅದು ನಿಮ್ಗೆ ತಟ್ಟೋದ್ ಬ್ಯಾಡ, ಈ ಕೂಸ್ಗೂ ತಟ್ಟೋದ್ ಬ್ಯಾಡ. ಅದ್ಕೇ ನಿಮ್ಗಿಂತ ಮುಂಚೇನೇ, ಪೂಜೆಗೂ ಮುಂಚೇನೇ ನಾನು ಉಂಡಿವ್ನಿ. ಏನಿದ್ರೂ ನನ್ ತಲೇಗೇ ಬರ್ಲಿ.”

ಲಿಂಗಪೂಜೆಗೆ ಮುಂಚೆ ತೊಟ್ಟು ನೀರು ಮುಟ್ಟದವರು, ಅಯ್ಯನವರು ಉಣ್ಣದೆ ಅಗುಳು ಮುಟ್ಟದವರು, ಬದುಕಿನಲ್ಲಿ ಅದೊಂದು ದಿನ ಎರಡನ್ನೂ ಮುರಿದಿದ್ದರು. ಬೆಕ್ಕನ್ನು ಬೈದದ್ದು ನೆನಪಾಗಿ ರುದ್ರಾಣಿ ಬಾಗಿಲವಾಡವನ್ನು ಹಿಡಿದುಕೊಂಡಳು.

ಅಯ್ಯನವರು ಡ್ರಮ್ಮಿನ ಕಡೆ ನೋಡಿದರು, ಚನ್ನಾಜಮ್ಮನ ಕಡೆ ನೋಡಿದರು. “ಬಡ್ಸು ತಾಯಿ, ಅನ್ನ ಆರೋಯ್ತದೆ,” ಅಂದರು. ಉಂಡರು. ಎರಡನೆಯ ಸಲವೂ ಹಾಕಿಸಿಕೊಂಡರು. ನಿಂಗರಾಜು ಖಾಲಿ ಕವರನ್ನು ಮಡಚಿ ಜೇಬಿಗಿಟ್ಟು, ಗೋಡೆಯ ಬದಿಯ ಎಲೆಗೆ ಕೂತ.

ಹಿತ್ತಲನ್ನು ಆ ಗಿಡ ಕಸಿದುಕೊಂಡಾಗ ತನಗೆ ಇನ್ನೇನೂ ಉಳಿದಿಲ್ಲ ಎಂದುಕೊಂಡಿದ್ದಳು ರುದ್ರಾಣಿ. ಮಾಡಿಗೆ ಗಾಜು ಕೂರಿಸಿದ ಗಂಡ ಉಳಿದಿದ್ದ, ತೊಡೆಯ ಮೇಲೆ ಮೀನಿಟ್ಟುಕೊಂಡು ಬಂದ ನಿಂಗರಾಜು ಉಳಿದಿದ್ದ, ಇಷ್ಟು ದೊಡ್ಡ ಮನಸ್ಸನ್ನು ಇಷ್ಟು ವರ್ಷ ಮೆಣಸಿನಕಾಯಿ ಮಾತಿನಡಿ ಬಚ್ಚಿಟ್ಟುಕೊಂಡ ಅತ್ತೆ ಉಳಿದಿದ್ದರು. ಎಲ್ಲರೂ ಎದ್ದ ಮೇಲೆ ಅವಳು ಅತ್ತೆಯ ಕಾಲಿಗೆ ಬಿದ್ದಳು. ಚನ್ನಾಜಮ್ಮ ನೋಯುವ ತೋಳಿನಲ್ಲೇ ಅವಳ ತಲೆ ಸವರಿದರು.

“ಹೆಂಗಿತ್ತು ಅತ್ತೆ, ಸೊಪ್ಪು?” ಎಂದು ಅವಳು ಕೊನೆಗೆ ಕೇಳಿದಳು.

“ಉಪ್ಪು ಒಂದ್ಕಲ್ಲು ಕಮ್ಮಿ ಆಗಿತ್ತು ಕಣವ್ವ,” ಎಂದರು ಚನ್ನಾಜಮ್ಮ. “ನಾನೇ ಹಾಕ್ದೆ.”